ಸ್ಟೆಂಟ್ ಪುಕ್ಕಟೆ, ಮಾತ್ರೆಗೆ ಸಾಲ

ಮಾನ್ವಿಯ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಯಜಮಾನರಿಗೆ ಹೃದಯದ ರಕ್ತನಾಳ ಕಟ್ಟಿಕೊಳ್ಳದಂತೆ ತೆರೆದಿಡುವ ಸ್ಟೆಂಟ್ ಅನ್ನು ಆಯುಷ್ಮಾನ್ ಕಾರ್ಡಿನಲ್ಲಿ ಪುಕ್ಕಟೆ ಹಾಕಿದರು. ಈಗ ತಿಂಗಳ ಮಾತ್ರೆಗೆ ಸಾಲ ಮಾಡ್ತಿದ್ದೀರಿ. ‘ದೊಡ್ಡ ಖರ್ಚು ಕೊಡೋ ಸರ್ಕಾರಕ್ಕೆ ಸಣ್ಣ ಖರ್ಚು ಯಾಕೆ ಕಾಣಲ್ಲ?’ ಎಂದು ಕೇಳಿದ್ದೀರಿ.

ಕಾಣುತ್ತದೆ ಅಕ್ಕಾ. ಆದರೆ ಲೆಕ್ಕ ಕಟ್ಟಿರುವುದೇ ಬೇರೆ ಥರ. 2018ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸಿಗುವುದು ಪ್ಯಾಕೇಜ್ ಲೆಕ್ಕದಲ್ಲಿ. ಒಂದೊಂದು ಆಪರೇಷನ್‌ಗೆ ಒಂದೊಂದು ರೇಟು. ಅಡ್ಮಿಟ್ ಆದರೆ ಬಿಲ್ಲು, ಬಿಲ್ಲಾದರೆ ಆಸ್ಪತ್ರೆಗೆ ರೊಕ್ಕ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಅದರಲ್ಲೇ ಬರುತ್ತದೆ. ಹದಿನಾರನೇ ದಿನದಿಂದ ನೀವುಂಟು, ಮೆಡಿಕಲ್ ಶಾಪ್ ಉಂಟು.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಥರದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಲೇಬೇಕು. ಕೈಯಲ್ಲಿ ಕಾಸಿಲ್ಲ ಅಂತ ನಡುವೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಆಗ ಮತ್ತೆ ಅಡ್ಮಿಟ್, ಮತ್ತೆ ಪ್ಯಾಕೇಜ್. ಅದಕ್ಕೆ ಮಾತ್ರ ರೊಕ್ಕ ಇದೆ ನೋಡಿ!

ಸರ್ಕಾರ ಕೈ ಹಾಕಿದರೆ ಬೆಲೆ ಇಳಿಯಲ್ಲ ಅಂತೇನಿಲ್ಲ. ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿದರು. ಆದರೆ ಕಾರ್ಡ್ ಹಂಚಿದರೆ ಫೋಟೊ ಬರುತ್ತದೆ, ಕಟ್ಟಡ ಕಟ್ಟಿದರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಬಿಪಿ ಮಾತ್ರೆ ತಿಂಗಳು ತಪ್ಪದೆ ಸಿಕ್ಕರೆ ಯಾರ ಹೆಸರೂ ಬರಲ್ಲ, ಅಲ್ವಾ? ನಮ್ಮ ರಾಯಚೂರಿನ ಒಪೆಕ್ ಆಸ್ಪತ್ರೆಯನ್ನೇ ನೋಡಿ. ಕಟ್ಟುವುದಕ್ಕೆ ತೈಲ ದೇಶಗಳ ನಿಧಿಯಿಂದ ನೆರವು ಬಂತು. ಕೆಲವು ವರ್ಷ ಅಪೋಲೊದವರು ನಡೆಸಿದರು. ಆಮೇಲೆ ಸರ್ಕಾರದ ಕೈಗೇ ವಾಪಸ್. ಗೋಡೆ ಎಬ್ಬಿಸಲು ರೊಕ್ಕ ಕೊಡುವವರು ಸಿಗುತ್ತಾರೆ. ವರ್ಷ ವರ್ಷ ಸ್ಪೆಷಲಿಸ್ಟ್ ಡಾಕ್ಟರ ಸಂಬಳ ಕೊಟ್ಟು ಇಲ್ಲೇ ಉಳಿಸಿಕೊಳ್ಳುವುದಕ್ಕೆ ಸಿಗುವುದಿಲ್ಲ.

ಇನ್ನು ನಿಮ್ಮ ಮಾತು. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಡಿಸ್ಚಾರ್ಜ್ ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಹೋಗಿ. ಬಿಪಿ, ಶುಗರ್ ಮಾತ್ರೆ ಅಲ್ಲಿ ಪುಕ್ಕಟೆ. ಅಲ್ಲಿ ಸಿಗದ್ದನ್ನು ಜನೌಷಧಿ ಅಂಗಡಿಯಲ್ಲಿ ಕೇಳಿ. ಬ್ರ್ಯಾಂಡ್ ಬೇಡ, ಔಷಧಿಯ ಹೆಸರು ಬರೆದುಕೊಡಿ ಅಂತ ಡಾಕ್ಟರಿಗೆ ಹೇಳಿ. ಹೊರಗಿನ ರೇಟಿಗೂ ಜನೌಷಧಿ ರೇಟಿಗೂ ಭಾಳ ಫರಕಿದೆ. ಆಸ್ಪತ್ರೆಯವರು ಸ್ಟಾಕ್ ಇಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ಅಲ್ಲಿನ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೆದುಕೊಡಿ. ಅದರ ನಕಲು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.