ಗೋಪುರಗಳ ಬುಡದಲ್ಲಿ: ಕೆನಡಾದ ನಗರಗಳ ಕುರಿತು ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಶಿವಮೊಗ್ಗದ ಓದುಗರೊಬ್ಬರು ಬರೆದಿರುವ ಪತ್ರದ ಸಾರಾಂಶ ಹೀಗಿದೆ: "ಕೆನಡಾದ ನಗರಗಳ ಬಗ್ಗೆ ನೀವು ಪ್ರಕಟಿಸಿದ ಚಿತ್ರಲೇಖನದಲ್ಲಿ ಇದ್ದದ್ದೆಲ್ಲ ದೂರದಿಂದ ತೆಗೆದ ಗಗನಚುಂಬಿಗಳ ಸಾಲು. ಮಗನ ಮನೆಗೆಂದು ಕ್ಯಾಲ್ಗರಿಗೆ ಹೋಗಿದ್ದಾಗ ಅಂಥ ಕಟ್ಟಡಗಳ ಬುಡದಲ್ಲಿ ನಡೆದಾಡಿದ್ದೇನೆ. ಭಾನುವಾರ ಸಂಜೆ ಆ ರಸ್ತೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಅದೇ ಟೊರಾಂಟೊದ ಸ್ಪಡೈನಾ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಳಿಯ ಊರು, ಜನ ಹೊರಗೆ ಬರುವುದಿಲ್ಲ ಎಂದ ಮಗ. ಟೊರಾಂಟೊ ಕೂಡ ಚಳಿಯ ಊರೇ ಅಲ್ಲವೇ? ಯಾವ ಊರಿನ ಡೌನ್‌ಟೌನ್ (ನಗರದ ಕೇಂದ್ರಭಾಗ) ನಿಜಕ್ಕೂ ಚೆನ್ನಾಗಿದೆ? ಸ್ಕೈಲೈನ್ (ದೂರದಿಂದ ಕಾಣುವ ಕಟ್ಟಡಗಳ ಸಾಲು) ನೋಡಿ ಅದನ್ನು ತಿಳಿಯಲು ಸಾಧ್ಯವೇ?"

ಮಾನ್ಯರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸಾಧ್ಯವಿಲ್ಲ. ಸ್ಕೈಲೈನ್ ನೋಡಿದರೆ ಆ ಊರಿಗೆ ಯಾವ ಕಾಲದಲ್ಲಿ ಹಣ ಹರಿದುಬಂತು, ಯಾವ ನೋಟವನ್ನು ಮರೆಯಾಗದಂತೆ ಊರಿನವರು ಕಾಪಾಡಿಕೊಂಡರು ಎಂಬುದು ತಿಳಿಯುತ್ತದೆ. ಬೀದಿಯ ಗುಣವನ್ನು ತೀರ್ಮಾನಿಸುವುದು ಬೇರೆಯೇ ಸಂಗತಿಗಳು: ಕಟ್ಟಡದ ಕೆಳಗಿನ ಎರಡು ಮೂರು ಅಂತಸ್ತುಗಳು ಹೇಗಿವೆ, ರಸ್ತೆಗೆ ತೆರೆದುಕೊಳ್ಳುವ ಬಾಗಿಲುಗಳು ಎಷ್ಟಿವೆ, ಕಚೇರಿ ಮುಚ್ಚಿದ ಮೇಲೆ ಆ ಸುತ್ತಿನಲ್ಲಿ ಎಷ್ಟು ಜನ ಮನೆ ಮಾಡಿಕೊಂಡು ಉಳಿಯುತ್ತಾರೆ.

ಹಾಗೆಂದು ಸ್ಕೈಲೈನ್ ಬರೀ ಅಲಂಕಾರದ ಚಿತ್ರ ಎಂದು ನಾನು ಒಪ್ಪುವುದಿಲ್ಲ. ಮಾಂಟ್ರಿಯಲ್‌ನ ಗೋಪುರಗಳೆಲ್ಲ ಒಂದೇ ಎತ್ತರಕ್ಕೆ ಬಂದು ನಿಂತಂತೆ ಕಾಣುವುದಕ್ಕೆ ಕಾರಣ, ಊರಿನ ನಡುವೆಯೇ ಇರುವ ಮೌಂಟ್ ರಾಯಲ್ ಬೆಟ್ಟದ ನೆತ್ತಿಯನ್ನು ಯಾವ ಕಟ್ಟಡವೂ ಮೀರಬಾರದೆಂಬ ನಿಯಮ. ಆ ನೆತ್ತಿ ಇರುವುದು ಸಮುದ್ರಮಟ್ಟದಿಂದ ಸುಮಾರು 233 ಮೀಟರ್ ಎತ್ತರದಲ್ಲಿ. ವ್ಯಾಂಕೂವರ್ 1989ರಲ್ಲಿ ನಗರದ ಗೊತ್ತಾದ ಸ್ಥಳಗಳಿಂದ ಉತ್ತರದ ಪರ್ವತಗಳು ಕಾಣುತ್ತಲೇ ಇರಬೇಕೆಂದು ದೃಷ್ಟಿಪಥಗಳನ್ನು ಗುರುತಿಸಿ, ಅವುಗಳಿಗೆ ಅಡ್ಡ ಬರುವಂತೆ ಕಟ್ಟುವುದನ್ನು ತಡೆಯಿತು. 2024ರಲ್ಲಿ ಅವುಗಳಲ್ಲಿ ಕೆಲವನ್ನು ಸಡಿಲಿಸಿದ್ದು ನನಗೆ ಒಳ್ಳೆಯ ಹೆಜ್ಜೆ ಎನಿಸುವುದಿಲ್ಲ. ಹ್ಯಾಲಿಫ್ಯಾಕ್ಸ್‌ನಲ್ಲಿ ಗುಡ್ಡದ ಮೇಲಿನ ಹಳೆಯ ಕೋಟೆಯಿಂದ ಬಂದರು ಕಾಣಬೇಕೆಂದು 1970ರ ದಶಕದಿಂದಲೂ ಇಂಥದೇ ನಿಯಮವಿದೆ. ಎಡ್ಮಂಟನ್‌ನ ಕಥೆ ಬೇರೆ: ಊರೊಳಗಿನ ವಿಮಾನ ನಿಲ್ದಾಣ ಇರುವವರೆಗೂ ಕಟ್ಟಡಗಳು ತಲೆ ತಗ್ಗಿಸಿಕೊಂಡೇ ಇದ್ದವು, 2013ರಲ್ಲಿ ಅದು ಮುಚ್ಚಿದ ಮೇಲೆ 251 ಮೀಟರ್ ಎತ್ತರದ ಸ್ಟ್ಯಾಂಟೆಕ್ ಗೋಪುರ ಎದ್ದಿತು. ಪೂರ್ಣಗೊಂಡಾಗ ಅದು ಟೊರಾಂಟೊದ ಹೊರಗೆ ಕೆನಡಾದ ಅತಿ ಎತ್ತರದ ಕಟ್ಟಡವಾಗಿತ್ತು. ಆದರೆ ಆ ಎತ್ತರದಿಂದಾಗಿ ಎಡ್ಮಂಟನ್‌ನ ಡೌನ್‌ಟೌನ್ ಮಾಂಟ್ರಿಯಲ್‌ಗಿಂತ ಒಳ್ಳೆಯ ಬೀದಿಗಳನ್ನು ಪಡೆದಿದೆ ಎಂದು ಎರಡೂ ಊರು ಕಂಡ ಯಾರೂ ಹೇಳಲಾರರು.

ಈಗ ನೀವು ನಡೆದ ಕ್ಯಾಲ್ಗರಿಗೆ ಬರೋಣ. ಎಣ್ಣೆ ಕಂಪನಿಗಳ ಹಣ ಕಟ್ಟಿದ ಊರು ಅದು. ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ವಿನ್ಯಾಸಗೊಳಿಸಿದ, ಬಿಲ್ಲಿನಂತೆ ಬಾಗಿರುವ 236 ಮೀಟರ್ ಎತ್ತರದ 'ದ ಬೋ' ಕಟ್ಟಡ 2012ರಲ್ಲಿ ಮುಗಿಯಿತು. ದೂರದಿಂದ, ಹಿಂದೆ ರಾಕಿ ಪರ್ವತಗಳ ಸಾಲಿಟ್ಟುಕೊಂಡು ನೋಡಿದರೆ ಕ್ಯಾಲ್ಗರಿಯ ಸ್ಕೈಲೈನ್ ನಿಜಕ್ಕೂ ಸುಂದರ. ಆದರೆ ನಿಮಗೆ ಕಾಣದ ಜನ ಎಲ್ಲಿದ್ದರು ಎಂದರೆ, ವಾರದ ದಿನಗಳಲ್ಲಾದರೆ ನಿಮ್ಮ ತಲೆಯ ಮೇಲೆಯೇ ಇರುತ್ತಿದ್ದರು. 'ಪ್ಲಸ್ 15' ಎಂಬ ಗಾಜಿನ ಮೇಲ್ಸೇತುವೆಗಳು, ರಸ್ತೆಯಿಂದ 15 ಅಡಿ ಮೇಲೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾದುಹೋಗುವುದನ್ನು ನೀವು ಗಮನಿಸಿರಬಹುದು. 1960ರ ದಶಕದ ಕೊನೆಯಲ್ಲಿ ನಗರ ಯೋಜನಾ ವಿಭಾಗದಲ್ಲಿದ್ದ ಹೆರಾಲ್ಡ್ ಹ್ಯಾನನ್ ಅವರು ರೂಪಿಸಿದ ಈ ವ್ಯವಸ್ಥೆಯ ಮೊದಲ ಸೇತುವೆ 1970ರಲ್ಲಿ ಆಯಿತು. ಇಂದು ಜಾಲದ ಒಟ್ಟು ಉದ್ದ ಸುಮಾರು 16 ಕಿಲೋಮೀಟರ್. ಸೇತುವೆ ಕಟ್ಟಿಕೊಟ್ಟ ಅಥವಾ ಅದರ ನಿಧಿಗೆ ಹಣ ಕೊಟ್ಟ ಮಾಲೀಕರಿಗೆ ಹೆಚ್ಚುವರಿ ಅಂತಸ್ತು ಕಟ್ಟಲು ಅನುಮತಿ ಸಿಗುತ್ತಿತ್ತು. ಅಂದರೆ ಸ್ಕೈಲೈನ್ ಎತ್ತರವಾಗುತ್ತಾ ಹೋದ ಹಾಗೆಲ್ಲ ನಡೆಯುವವರು ನೆಲ ಬಿಟ್ಟು ಮೇಲಕ್ಕೆ ಹೋಗುವುದಕ್ಕೆ ನಿಯಮವೇ ದಾರಿ ಮಾಡಿಕೊಟ್ಟಿತು. ಕಾಫಿ ಅಂಗಡಿ, ಕ್ಷೌರದಂಗಡಿ, ಮಧ್ಯಾಹ್ನದ ಊಟದ ಕೌಂಟರುಗಳೆಲ್ಲ ಎರಡನೆಯ ಮಟ್ಟಕ್ಕೆ ಏರಿದವು. ನೆಲಮಟ್ಟದಲ್ಲಿ ಉಳಿದದ್ದು ಕಲ್ಲುಹಾಸಿನ ಲಾಬಿಗಳು, ವಾಹನ ನಿಲುಗಡೆಯ ಇಳಿಜಾರು ಬಾಯಿಗಳು, ಗಾಳಿ ಹೊರದೂಡುವ ಜಾಲರಿಗಳು. ಶನಿವಾರ ಭಾನುವಾರ ಕಚೇರಿಯವರು ಇಲ್ಲದಾಗ ಮೇಲೂ ಜನವಿಲ್ಲ, ಕೆಳಗೂ ಜನವಿಲ್ಲ.

2014ರಲ್ಲಿ ಎಣ್ಣೆಯ ಬೆಲೆ ಕುಸಿದ ಮೇಲೆ ಆ ಗೋಪುರಗಳೇ ಬರಿದಾಗತೊಡಗಿ, ಒಂದು ಹಂತದಲ್ಲಿ ಡೌನ್‌ಟೌನ್ ಕಚೇರಿ ಜಾಗದಲ್ಲಿ ಹೆಚ್ಚುಕಡಿಮೆ ಶೇಕಡಾ 30ರಷ್ಟು ಖಾಲಿ ಬಿದ್ದಿತ್ತು. 2021ರಲ್ಲಿ ನಗರಾಡಳಿತ ಇಂಥ ಕಚೇರಿಗಳನ್ನು ಮನೆಗಳಾಗಿ ಪರಿವರ್ತಿಸುವವರಿಗೆ ಧನಸಹಾಯ ನೀಡತೊಡಗಿತು. ಕೆನಡಾದ ನಗರಗಳಲ್ಲಿ ಈ ದಶಕದಲ್ಲಿ ನಡೆದ ಕೆಲಸಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದು, ಏಕೆಂದರೆ ಹೊಸ ಗೋಪುರವೊಂದನ್ನೂ ಎಬ್ಬಿಸದೆ ಬೀದಿಯ ರೋಗಕ್ಕೆ ಮೂಲದಲ್ಲೇ ಮದ್ದು ಹುಡುಕಿದೆ.

ನಿಮ್ಮ ಮಗ ಹೇಳಿದ ಚಳಿಯ ಕಾರಣವನ್ನು ಅಲ್ಲಿ ನೆಲೆಸಿದ ನಮ್ಮವರು ಬಹಳ ಮಂದಿ ಹೇಳುತ್ತಾರೆ. ಜನವರಿಯ ಸರಾಸರಿ ಉಷ್ಣಾಂಶ ನೋಡಿದರೆ ಮಾಂಟ್ರಿಯಲ್ ಕ್ಯಾಲ್ಗರಿಗಿಂತ ತುಸು ಹೆಚ್ಚೇ ಚಳಿಯ ಊರು. ಕ್ಯಾಲ್ಗರಿಗೆ ಪರ್ವತದ ಕಡೆಯಿಂದ ಆಗಾಗ ಬೀಸುವ ಬೆಚ್ಚನೆಯ ಚಿನೂಕ್ ಗಾಳಿಯಾದರೂ ಇದೆ, ಮಾಂಟ್ರಿಯಲ್‌ಗೆ ಅದೂ ಇಲ್ಲ, ಮೇಲಾಗಿ ವರ್ಷಕ್ಕೆ ಎರಡು ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. 1962ರ ಪ್ಲಾಸ್ ವಿಲ್ ಮಾರಿ ಕಟ್ಟಡದಿಂದ ಮೊದಲಾಗಿ ಬೆಳೆದ, 30 ಕಿಲೋಮೀಟರಿಗೂ ಉದ್ದವಾದ ನೆಲದಡಿಯ ಮಾರ್ಗಗಳೂ ಅಲ್ಲಿವೆ. ಆದರೂ ಸೇಂಟ್ ಕ್ಯಾಥರೀನ್ ಬೀದಿ, ಸೇಂಟ್ ಲಾರೆಂಟ್ ಬೀದಿ ಚಳಿಗಾಲದ ರಾತ್ರಿಯಲ್ಲೂ ಜನರಿಂದ ಬರಿದಾಗುವುದಿಲ್ಲ.

ಇದಕ್ಕೆ ಕಾರಣ ಡೌನ್‌ಟೌನ್‌ನಿಂದ ಸ್ವಲ್ಪ ದೂರ ನಡೆದರೆ ಸಿಗುವ ಪ್ಲಾಟೋ ಬಡಾವಣೆಯಲ್ಲಿದೆ. ಅಲ್ಲಿಯ ಮನೆಗಳು ಎರಡು ಮೂರು ಅಂತಸ್ತಿನವು, ಪಕ್ಕದ ಮನೆಗೆ ಗೋಡೆ ಹಂಚಿಕೊಂಡು ಒತ್ತಾಗಿ ನಿಂತವು. ಪ್ರತಿ ಅಂತಸ್ತಿನಲ್ಲಿ ಬೇರೆ ಬೇರೆ ಸಂಸಾರ. ಮೇಲಿನ ಮನೆಗೆ ಹೋಗುವ ಮೆಟ್ಟಿಲು ಒಳಗಿಲ್ಲ, ರಸ್ತೆಯ ಬದಿಯಿಂದಲೇ ಕಬ್ಬಿಣದ ಮೆಟ್ಟಿಲು ಸುತ್ತಿಕೊಂಡು ಮೇಲೇರುತ್ತದೆ. ಹಿಮ ಹೆಪ್ಪುಗಟ್ಟಿದಾಗ ಆ ಮೆಟ್ಟಿಲು ಜಾರುತ್ತದೆ, ಸಾಮಾನು ಹೊತ್ತು ಹತ್ತುವುದು ಕಷ್ಟ, ವಯಸ್ಸಾದವರಿಗಂತೂ ತೊಂದರೆಯೇ. ಆದರೆ ಅದರಿಂದಾಗಿ ಮೂರು ಸಂಸಾರಗಳ ಮೂರು ಬಾಗಿಲುಗಳು ನೇರವಾಗಿ ಬೀದಿಗೆ ತೆರೆದುಕೊಳ್ಳುತ್ತವೆ. ಒಳಮೆಟ್ಟಿಲಿಗೆ ಹೋಗುತ್ತಿದ್ದ ಜಾಗ ಮನೆಗೇ ಉಳಿಯುತ್ತದೆ. ಗೋಪುರಗಳೇ ಇಲ್ಲದೆ, ಸಂಜೆ ಏಳು ಗಂಟೆಗೆ ಬ್ರೆಡ್ ತರಲು ನಡೆದುಹೋಗುವಷ್ಟು ಹತ್ತಿರದಲ್ಲಿ ಸಾವಿರಾರು ಜನ ಬದುಕುವ ವ್ಯವಸ್ಥೆ ಇದು. ಅಂಗಡಿ ಉಳಿಯುವುದು ಅವರಿಂದ, ರಾತ್ರಿ ಹೊತ್ತು ಬೀದಿಯಲ್ಲಿ ಧೈರ್ಯವಾಗಿ ನಡೆಯುವಂತಿರುವುದೂ ಅವರಿಂದಲೇ.

ಟೊರಾಂಟೊದ ವಿಷಯ ಹೆಚ್ಚು ಸಂಕೀರ್ಣ. 1976ರಲ್ಲಿ ಪೂರ್ಣಗೊಂಡ, 553 ಮೀಟರ್ ಎತ್ತರದ ಸಿಎನ್ ಗೋಪುರವನ್ನು ಎಲ್ಲರೂ ಬಲ್ಲರು. ಹಣಕಾಸು ಕಚೇರಿಗಳ ವಲಯದಲ್ಲಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸಗೊಳಿಸಿದ ಟಿಡಿ ಸೆಂಟರ್‌ನ ಕಪ್ಪು ಗೋಪುರಗಳು ಇಂದಿಗೂ ಘನತೆಯಿಂದ ನಿಂತಿವೆ, ಆದರೆ ಅವುಗಳ ಅಂಗಡಿಗಳೆಲ್ಲ ನೆಲದಡಿಗೆ ಹೋದವು. ಭಾನುವಾರ ಅಲ್ಲಿ ನಡೆದಿದ್ದರೆ ನಿಮಗೆ ಕ್ಯಾಲ್ಗರಿಯದೇ ಅನುಭವವಾಗುತ್ತಿತ್ತು. ನೀವು ಕಂಡ ಸ್ಪಡೈನಾ ಅಲ್ಲಿಂದ ಬಹಳ ದೂರವಿಲ್ಲ. ಹೊಸ ನಗರಸಭಾ ಭವನಕ್ಕಾಗಿ ಹಳೆಯ ಚೈನಾಟೌನ್‌ನ ಬಹುಭಾಗವನ್ನು ಕೆಡವಿದ ಮೇಲೆ ಅಲ್ಲಿಯ ವ್ಯಾಪಾರಿಗಳು ಪಶ್ಚಿಮಕ್ಕೆ ಸರಿದು ನೆಲೆಯೂರಿದ ಬೀದಿ ಅದು. ಅದಕ್ಕೂ ಒಂದು ಗಂಡಾಂತರ ಬಂದಿತ್ತು: ಆ ದಿಕ್ಕಿನಿಂದ ಡೌನ್‌ಟೌನ್‌ಗೆ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ತರುವ ಯೋಜನೆ ಕೆಲಸ ಶುರುವಾಗುವವರೆಗೂ ಹೋಗಿತ್ತು. 1968ರಲ್ಲಿ ನ್ಯೂಯಾರ್ಕ್ ಬಿಟ್ಟು ಬಂದು ನೆಲೆಸಿದ, ನಗರಗಳ ಕುರಿತ ಬರಹಗಳಿಗೆ ಹೆಸರಾದ ಲೇಖಕಿ ಜೇನ್ ಜೇಕಬ್ಸ್ ಅವರೂ ಸೇರಿದಂತೆ ನಿವಾಸಿಗಳು ಅದನ್ನು ಬಲವಾಗಿ ವಿರೋಧಿಸಿದರು, 1971ರಲ್ಲಿ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಬಿಲ್ ಡೇವಿಸ್ ಅದನ್ನು ನಿಲ್ಲಿಸಿದರು. ಮರುವರ್ಷ ಟ್ರಾಮ್‌ಗಳನ್ನು ತೆಗೆದುಹಾಕುವ ಆಲೋಚನೆಯನ್ನೂ ನಗರ ಕೈಬಿಟ್ಟಿತು. ಅಗಲ ಕಿರಿದಾದ ಅಂಗಡಿಗಳು, ಮೇಲೆ ಬಾಡಿಗೆ ಮನೆಗಳು, ಫುಟ್‌ಪಾತ್‌ವರೆಗೂ ಚಾಚಿಕೊಂಡ ಹಣ್ಣು ತರಕಾರಿಯ ಡಬ್ಬಿಗಳು, ನಡುವೆ ಓಡುವ ಟ್ರಾಮ್: ನಿಮಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿದ ಜನಸಂದಣಿ ಈ ಎಲ್ಲದರ ಫಲ.

ಇಂದು ಟೊರಾಂಟೊ ಇನ್ನೊಂದು ಇಕ್ಕಟ್ಟಿನಲ್ಲಿದೆ. ಮೆಟ್ರೊ ನಿಲ್ದಾಣಗಳ ಸುತ್ತ ಐವತ್ತು ಅರವತ್ತು ಅಂತಸ್ತಿನ ವಸತಿ ಗೋಪುರಗಳು ಒತ್ತೊತ್ತಾಗಿ ಏಳುತ್ತಿದ್ದರೆ, ಸ್ವಲ್ಪ ಆಚೆಗಿನ ವಿಶಾಲ ಬಡಾವಣೆಗಳಲ್ಲಿ ಬಹುಕಾಲ ಒಂಟಿ ಮನೆಗಳನ್ನು ಬಿಟ್ಟು ಬೇರೇನನ್ನೂ ಕಟ್ಟುವಂತಿರಲಿಲ್ಲ. ನಗರದ ಎಲ್ಲೆಡೆ ಒಂದು ನಿವೇಶನದಲ್ಲಿ ನಾಲ್ಕು ಮನೆಗಳವರೆಗೆ ಅವಕಾಶ ಸಿಕ್ಕಿದ್ದು 2023ರಲ್ಲಿ ಮಾತ್ರ. ಮಾಂಟ್ರಿಯಲ್‌ನ ಕೆಲಸಗಾರರ ಬೀದಿಗಳಲ್ಲಿ ನೂರು ವರ್ಷದ ಹಿಂದೆಯೇ ಸಾಮಾನ್ಯವಾಗಿದ್ದ ವಸತಿಕ್ರಮಕ್ಕೆ ಟೊರಾಂಟೊ ಈಗ ಬರುತ್ತಿದೆ.

ವ್ಯಾಂಕೂವರ್‌ನಲ್ಲಿ ಗೋಪುರ ಮತ್ತು ಬೀದಿ ಎರಡನ್ನೂ ಒಟ್ಟಿಗೆ ಯೋಚಿಸುವ ಪ್ರಯತ್ನ ನಡೆದಿದೆ. ಫಾಲ್ಸ್ ಕ್ರೀಕ್ ತೀರದಲ್ಲಿ 1986ರ ವಿಶ್ವ ವಸ್ತುಪ್ರದರ್ಶನ ಎಕ್ಸ್‌ಪೋ 86 ನಡೆದ ಜಾಗದಲ್ಲಿ ಎದ್ದ ಗೋಪುರಗಳು ತೆಳ್ಳಗಿವೆ, ಒಂದಕ್ಕೊಂದು ಅಂತರ ಬಿಟ್ಟುಕೊಂಡಿವೆ, ಬುಡದಲ್ಲಿ ರಸ್ತೆಗೆ ಬಾಗಿಲಿರುವ ಮನೆಗಳ ಸಾಲಿದೆ. ಡೌನ್‌ಟೌನ್ ಒಳಗೆ ಹೆದ್ದಾರಿ ಬರದಂತೆ 1960ರ ದಶಕದ ಕೊನೆಯಲ್ಲಿ ಚೈನಾಟೌನ್ ಮತ್ತು ಸ್ಟ್ರಾತ್ಕೋನಾ ನಿವಾಸಿಗಳು ತಡೆದದ್ದರಿಂದಲೇ ಇದೆಲ್ಲ ಸಾಧ್ಯವಾಯಿತು. ಸ್ಕೈಲೈನ್ ಮಾತ್ರ ನೋಡುವುದಾದರೆ ನನ್ನ ಆಯ್ಕೆ ವ್ಯಾಂಕೂವರ್. ಬೆಟ್ಟ, ನೀರು, ಗಾಜು ಮೂರೂ ಅಷ್ಟು ಚೆನ್ನಾಗಿ ಹೊಂದಿಕೊಂಡ ಇನ್ನೊಂದು ನಗರ ಆ ದೇಶದಲ್ಲಿಲ್ಲ. ಆದರೆ ಅದೇ ಗಾಜಿನ ಗೋಪುರಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ಈಸ್ಟ್ ಹೇಸ್ಟಿಂಗ್ಸ್ ಬೀದಿಯಲ್ಲಿ ಮನೆಯಿಲ್ಲದವರು, ಮಾದಕ ವಸ್ತುಗಳಿಗೆ ಸಿಕ್ಕಿ ನಲುಗಿದವರು ಫುಟ್‌ಪಾತ್ ಮೇಲೇ ದಿನ ಕಳೆಯುತ್ತಾರೆ. ಮನೆಯ ಬೆಲೆ ಸಾಮಾನ್ಯರ ಕೈಗೆಟುಕದಂತಾದ ನಗರದ ಬೀದಿಯನ್ನು ಅಳೆಯುವಾಗ ಈ ಬೀದಿಯನ್ನು ಬಿಟ್ಟು ಲೆಕ್ಕ ಹಾಕುವುದು ಸರಿಯಲ್ಲ.

ವಿನಿಪೆಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವ, ಊರಿನ ಹೆಸರಾಂತ ವೃತ್ತದಲ್ಲಿ 1979ರಲ್ಲಿ ಕಾಂಕ್ರೀಟ್ ಅಡ್ಡಗೋಡೆ ಹಾಕಿ ಪಾದಚಾರಿಗಳನ್ನು ನೆಲದಡಿಗೆ ಕಳಿಸಿದರು. 2018ರ ಜನಮತದಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಅದನ್ನು ತೆರೆಯಬಾರದೆಂದೇ ಹೇಳಿದರು. ಕೊನೆಗೆ ನೆಲದಡಿಯ ಮಾರ್ಗಕ್ಕೆ ನೀರಿಳಿಯದಂತೆ ದುರಸ್ತಿ ಮಾಡುವ ಖರ್ಚು ವಿಪರೀತವೆಂದು ಕಂಡಾಗ ನಗರಸಭೆ ಮನಸ್ಸು ಬದಲಿಸಿ, 2025ರ ಜೂನ್‌ನಲ್ಲಿ ಜನ ಮತ್ತೆ ಆ ರಸ್ತೆಯನ್ನು ನೆಲದ ಮೇಲೆಯೇ ದಾಟುವಂತಾಯಿತು.

ಆದ್ದರಿಂದ ಯಾವ ಡೌನ್‌ಟೌನ್ ಚೆನ್ನ ಎಂಬ ನಿಮ್ಮ ಪ್ರಶ್ನೆಗೆ, ನಡೆಯುವವನ ದೃಷ್ಟಿಯಿಂದ, ನನ್ನ ಉತ್ತರ ಮಾಂಟ್ರಿಯಲ್. ಅದರ ನಂತರ ಟೊರಾಂಟೊದ ಹಳೆಯ ಟ್ರಾಮ್ ಬೀದಿಗಳು. ಮಗನ ಮನೆಗೆ ಮತ್ತೆ ಹೋದಾಗ ಕ್ಯಾಲ್ಗರಿಯಲ್ಲೇ ಗೋಪುರಗಳ ವಲಯ ಬಿಟ್ಟು ಇಂಗಲ್‌ವುಡ್‌ನ ಒಂಬತ್ತನೇ ಅವೆನ್ಯೂ, ನದಿಯಾಚೆಯ ಕೆನ್ಸಿಂಗ್ಟನ್, ದಕ್ಷಿಣದ ಹದಿನೇಳನೇ ಅವೆನ್ಯೂ ಕಡೆಗೂ ಹೋಗಿಬನ್ನಿ. ಅಲ್ಲಿ ಕಟ್ಟಡಗಳು ಗಿಡ್ಡ, ಅಂಗಡಿಗಳು ಒತ್ತೊತ್ತಾಗಿವೆ, ಅದೇ ಚಳಿಯಲ್ಲೂ ಜನ ನಡೆದಾಡುತ್ತಾರೆ. ಅಲ್ಲಿ ಕಂಡದ್ದನ್ನು ನಮಗೆ ಬರೆದು ತಿಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ