ಉಪ್ಪು ನೋಡಲು ಲಡಾಖಿಗೇ ಹೋಗಬೇಕೆ?

ಪ್ರಶ್ನೆ: ಜೂನ್ ಕೊನೆಗೆ ನಾವಿಬ್ಬರೂ ಲೇಹ್‌ಗೆ ಹೊರಟಿದ್ದೇವೆ. ಇರುವುದು ನಾಲ್ಕೇ ದಿನ. ತ್ಸೋ ಕರ್ ಎಂಬ ಉಪ್ಪಿನ ಸರೋವರವನ್ನು ಒಂದೇ ದಿನದಲ್ಲಿ ನೋಡಿ ಬರಬಹುದೆ? ನಮ್ಮ ಯಜಮಾನರಿಗೆ 64, ಬಿಪಿ ಮಾತ್ರೆ ತಗೊಳ್ತಾರೆ. ಅವರಂತೂ “ಉಪ್ಪು ನೋಡೋಕೆ ಲಡಾಖ್ ಯಾಕೆ, ಮುಂಬೈಯ ಭಾಂಡೂಪ್ ಹತ್ತಿರ ಹೈವೇಲಿ ಹೋದ್ರೆ ಮಿಠಾಗರ (ಉಪ್ಪಿನ ಆಗರ) ಕಾಣಲ್ವಾ” ಅಂತಾರೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಯಜಮಾನರಿಗೆ ಉತ್ತರ ಕೊಡ್ತೇನೆ. ಭಾಂಡೂಪಿನದೂ ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯದೂ ಮನುಷ್ಯ ಮಾಡಿದ ಆಗರ. ಭರತದ ನೀರನ್ನು ಒಳಗೆ ಬಿಟ್ಟು, ಬದು ಕಟ್ಟಿ, ಬಿಸಿಲಿಗೆ ಒಣಗಿಸಿ ಎಳೆಯುವುದು. ತ್ಸೋ ಕರ್‌ನಲ್ಲಿ ಸಮುದ್ರವೂ ಇಲ್ಲ, ಬದುವೂ ಇಲ್ಲ. ಸುಮಾರು 4,500 ಮೀಟರ್ ಎತ್ತರದ ಬೋಗುಣಿ ಅದು. ಪಕ್ಕದ ಸ್ತಾರ್ತ್ಸಪುಕ್ ತ್ಸೋ ಸಿಹಿನೀರಿನ ಕೆರೆ. ಅದರ ನೀರು ಹರಿದು ಇಲ್ಲಿಗೆ ಬರುತ್ತದೆ, ಇಲ್ಲಿಂದ ಮುಂದೆ ಹೋಗಲು ದಾರಿಯಿಲ್ಲ. ನೀರು ಆರುತ್ತದೆ, ಉಪ್ಪು ಕೂರುತ್ತದೆ. ಹಿಂದೆ ಚಾಂಗ್‌ಪಾ ಕುರಿಗಾಹಿಗಳು ಈ ಉಪ್ಪನ್ನು ಒಟ್ಟುಮಾಡಿ ಟಿಬೆಟ್ ಕಡೆ ಮಾರುತ್ತಿದ್ದರು. ನಾನೊಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಮೊದಲು ಉಪ್ಪು, ಆಮೇಲೆ ಕಹಿ. ನಮ್ಮ ಸಾಣಿಕಟ್ಟೆಯದೇ ವಾಸಿ, ಗಂಜಿಗೂ ಉಪ್ಪಿನಕಾಯಿಗೂ.

ದಂಡೆಯ ಬಿಳಿ ಹೊರಪದರ ದೂರದಿಂದ ಸಿಮೆಂಟಿನಂತೆ ಗಟ್ಟಿ ಕಾಣುತ್ತದೆ. ನಂಬಬೇಡಿ. ಹಪ್ಪಳ ಮುರಿದ ಹಾಗೆ ಸದ್ದು ಮಾಡಿತು, ಮರುಕ್ಷಣ ನನ್ನ ಎಡಗಾಲು ಕಣಕಾಲಿನ ತನಕ ಕಪ್ಪು ಕೆಸರಿನಲ್ಲಿ. ಗಾಡಿಯನ್ನಂತೂ ಅದರ ಮೇಲೆ ಇಳಿಸಲು ಚಾಲಕನಿಗೆ ಹೇಳಲೇಬೇಡಿ. ಕಪ್ಪು ಕುತ್ತಿಗೆಯ ಕೊಕ್ಕರೆಗಳು ಮರಿಮಾಡುವ ಜಾಗ ಅದು, 2020ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ. ಬಯಲಿನಲ್ಲಿ ಕುದುರೆಯಂತೆ ಕಂಡರೆ ಅದು ಕಿಯಾಂಗ್, ಕಾಡುಕತ್ತೆ.

ಒಂದೇ ದಿನದಲ್ಲಿ ಆಗುತ್ತದೆ. ಒಂದು ದಿಕ್ಕಿಗೇ 150 ಕಿ.ಮೀ. ಮೇಲೆ, ಬೆಳಿಗ್ಗೆ ಆರಕ್ಕೆ ಬಿಟ್ಟರೆ ಕತ್ತಲಾಗುವಷ್ಟರಲ್ಲಿ ಲೇಹ್. ಉಪ್ಶಿಯವರೆಗೆ ಸಿಂಧೂ ನದಿ ಜೊತೆಗಿರುತ್ತದೆ, ಆಮೇಲೆ ಗ್ಯಾ, ರುಮ್ತ್ಸೆ. ಅಲ್ಲಿಂದ ಸುತ್ತಿ ಸುತ್ತಿ ಹತ್ತಿದರೆ ತಗ್ಲಾಂಗ್ ಲಾ ಎಂಬ ಘಟ್ಟ, 5,328 ಮೀಟರ್. ಡಬ್ಬಿಯೊಳಗಿನ ಚಕ್ಕುಲಿ ಪ್ಯಾಕೆಟ್ ಬಲೂನಿನಂತೆ ಉಬ್ಬಿರುತ್ತದೆ. ಹೊರಗಿನ ಗಾಳಿಯ ಒತ್ತಡ ಮುಂಬೈಯ ಅರ್ಧದಷ್ಟೇ ಅಂತ ಅದೇ ಹೇಳುತ್ತದೆ. ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಫೋಟೋ ತೆಗೆದು ಐದು ನಿಮಿಷದಲ್ಲಿ ಇಳಿಯಿರಿ.

ನನ್ನ ತಕರಾರು ನಿಮ್ಮ ನಾಲ್ಕು ದಿನದ ಮೇಲೆ. ಮೊದಲ ಸಲ ನಾನೂ ಹೀಗೇ ಅವಸರ ಮಾಡಿದೆ. ವಿಮಾನ ಇಳಿದ ಮರುದಿನವೇ ಗಾಡಿ ಹತ್ತಿದೆ. ಘಟ್ಟದ ಮೇಲೆ ತಲೆ ಸಿಡಿಯಿತು, ವಾಂತಿಯಾಯಿತು, ಅರ್ಧ ದಾರಿಯಿಂದಲೇ ವಾಪಸ್. ದುಡ್ಡು ಪೂರ್ತಿ ಕೊಟ್ಟೆ, ಸರೋವರ ನೋಡಲಿಲ್ಲ. ಮುಂಬೈಯ ಸಮುದ್ರಮಟ್ಟದಿಂದ ಒಂದೇ ಬೆಳಿಗ್ಗೆ 3,500 ಮೀಟರಿಗೆ ಹೋಗಿ ಇಳಿಯುವ ದೇಹಕ್ಕೆ ಲೇಹ್‌ನಲ್ಲಿ ಪೂರ್ತಿ ಎರಡು ದಿನವಾದರೂ ಬೇಕು. ಟಿಕೆಟ್ ಬದಲಾಯಿಸಿ ಐದು ದಿನ ಮಾಡಿಕೊಳ್ಳಿ, ನಾಲ್ಕನೆಯ ದಿನ ತ್ಸೋ ಕರ್ ಇಟ್ಟುಕೊಳ್ಳಿ. ಆಗದಿದ್ದರೆ ಲೇಹ್ ಸುತ್ತಮುತ್ತಲಿನ ಗೊಂಪಾಗಳೇ (ಬೌದ್ಧ ಮಠಗಳೇ) ಸಾಕು. ರಾತ್ರಿ ಸರೋವರದ ಬಳಿ ತಂಗುವ ಆಸೆ ಯಜಮಾನರಿಗೆ ಬೇಡ.

ಬಿಪಿ ಮಾತ್ರೆಯ ವಿಷಯ ನಿಮ್ಮ ಡಾಕ್ಟರರನ್ನೇ ಕೇಳಿ. ಕೇಳುವಾಗ ಮಾತ್ರ “ಲಡಾಖಿಗೆ ಹೋಗ್ತಿದ್ದೇವೆ” ಅನ್ನಬೇಡಿ, “5,300 ಮೀಟರ್ ಎತ್ತರಕ್ಕೆ ಹತ್ತುತ್ತಿದ್ದೇವೆ” ಅನ್ನಿ.