ಬಿದ್ದವರಿಗೂ ಹೆಚ್ಚು ಅಂಕ ಬರುತ್ತದಲ್ಲ, ಫಿಗರ್ ಸ್ಕೇಟಿಂಗ್‌ನಲ್ಲಿ ಲೆಕ್ಕ ಹೇಗೆ?

ಒಬ್ಬ ಸ್ಕೇಟರ್ ಧೊಪ್ಪನೆ ಬಿದ್ದ, ಇನ್ನೊಬ್ಬ ಒಂದೂ ತಪ್ಪಿಲ್ಲದೆ ಮುಗಿಸಿದ, ಆದರೂ ಬಿದ್ದವನೇ ಮುಂದೆ ಬಂದ, ಇದು ಮೋಸವಲ್ಲವೇ ಎಂದು ಕೇಳಿದ್ದೀರಿ. ಮೋಸವಲ್ಲ. ನಾವಿರುವುದು ಟೊರಾಂಟೊ ಹತ್ತಿರ, ಮಗಳು ಏಳು ವರ್ಷದಿಂದ ಸ್ಕೇಟ್ ಮಾಡುತ್ತಿದ್ದಾಳೆ. ಮೊದಮೊದಲು ನನಗೂ ನಿಮ್ಮ ಹಾಗೆಯೇ ಅನ್ನಿಸುತ್ತಿತ್ತು.

ಇಲ್ಲಿ ಒಂದೊಂದು ಜಿಗಿತಕ್ಕೂ, ಒಂದೊಂದು ಸ್ಪಿನ್ನಿಗೂ ಬೇರೆಬೇರೆಯಾಗಿ ಅಂಕ ಹಾಕಿ ಕೂಡಿಸುತ್ತಾರೆ. 2022ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿನ ಪಟ್ಟಿಯಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಲಟ್ಜ್ ಎಂಬ ಜಿಗಿತಕ್ಕೆ ಮೂಲ ಅಂಕ 11.50, ಮೂರು ಸುತ್ತಿನ ಟೋ ಲೂಪ್ ಎಂಬ ಜಿಗಿತಕ್ಕೆ 4.20. ಜಿಗಿತ ಹೇಗಿತ್ತು ಎಂದು ನೋಡಿ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡುತ್ತಾರೆ. ಒಂದು ಮೈನಸ್ ಅಂದರೆ ಮೂಲ ಅಂಕದ ಶೇ 10 ಹೋಯಿತು. ಒಂಬತ್ತು ತೀರ್ಪುಗಾರರಿದ್ದರೆ ಅತಿ ಹೆಚ್ಚಿನದೊಂದು, ಅತಿ ಕಡಿಮೆಯದೊಂದು ಬಿಟ್ಟು ಉಳಿದ ಏಳರ ಸರಾಸರಿ ಹಿಡಿಯುತ್ತಾರೆ.

ಈಗ ಲೆಕ್ಕ ಹಾಕಿ. ಲಟ್ಜ್‌ನಲ್ಲಿ ನಾಲ್ಕೂ ಸುತ್ತು ಪೂರ್ತಿ ಮುಗಿಸಿ ಬಿದ್ದರೆ ಎಲ್ಲರೂ ಮೈನಸ್ 5 ಕೊಟ್ಟಾರು, 11.50 ಅರ್ಧವಾಗಿ 5.75. ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆದರೂ 4.75 ಉಳಿಯಿತು. ಸಾಧಾರಣವಾಗಿ ಮಾಡಿದ ಟೋ ಲೂಪ್‌ಗೆ ಸಿಗುವ 4.20ಕ್ಕಿಂತ ಇದೇ ಹೆಚ್ಚು.

ಅದೇ ಬೀಜಿಂಗ್‌ನಲ್ಲಿ ಜಪಾನಿನ ಸ್ಕೇಟರ್ ಯುಜುರು ಹನ್ಯು ಶಾರ್ಟ್ ಪ್ರೋಗ್ರಾಮ್‌ನ (ಎರಡು ಪ್ರದರ್ಶನಗಳಲ್ಲಿ ಮೊದಲಿನ, ಚಿಕ್ಕದರ) ಮೊದಲ ಜಿಗಿತಕ್ಕೇ ನಾಲ್ಕು ಸುತ್ತಿನ ಸಾಲ್ಕೊಗೆ ಹೊರಟು, ಬ್ಲೇಡು ಐಸ್‌ನ ಗುಳಿಗೆ ಸಿಕ್ಕಿ, ಒಂದೇ ಸುತ್ತು ಹಾಕಿ ಇಳಿದರು. ಬೀಳಲಿಲ್ಲ. ಆದರೆ ಶಾರ್ಟ್‌ನಲ್ಲಿ ಅಲ್ಲಿ ಒಂದು ಸುತ್ತಿನ ಜಿಗಿತಕ್ಕೆ ಬೆಲೆಯೇ ಇಲ್ಲ; ಸಿಕ್ಕಿದ್ದು ಸೊನ್ನೆ. ಎರಡು ದಿನದ ನಂತರ ಎರಡನೆಯ, ಉದ್ದನೆಯ ಪ್ರದರ್ಶನದಲ್ಲಿ ಅದುವರೆಗೆ ಯಾರಿಂದಲೂ ಆಗದಿದ್ದ ನಾಲ್ಕೂವರೆ ಸುತ್ತಿನ ಆಕ್ಸೆಲ್‌ಗೆ ಕೈಹಾಕಿ ಬಿದ್ದರು. ಸುತ್ತು ತುಸು ಕಡಿಮೆಯೂ ಆಗಿತ್ತು. ಹಾಗಾಗಿ 12.50 ಅಂಕ 10 ಆಯಿತು, ಆ 10 ಅರ್ಧವಾಗಿ 5 ಆಯಿತು. ಬೀಳದಿದ್ದಾಗ ಸೊನ್ನೆ; ಬಿದ್ದಾಗ, ಬಿದ್ದದ್ದಕ್ಕೆ ಒಂದಂಕ ಕಳೆದ ಮೇಲೂ, ನಾಲ್ಕು. ಹನ್ಯು ನಾಲ್ಕನೆಯವರಾದರು. ಆ ಜಿಗಿತವನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಈ "ಸುತ್ತು ಕಡಿಮೆ" ಅನ್ನುವುದೇ ನಮ್ಮಂಥ ನೋಡುಗರ ಕಣ್ಣಿಗೆ ಬೀಳದ ಸಂಗತಿ. ಇದನ್ನು ನಿರ್ಧರಿಸುವವರು ತೀರ್ಪುಗಾರರಲ್ಲ, ಪಕ್ಕದಲ್ಲಿ ವಿಡಿಯೋ ಇಟ್ಟುಕೊಂಡು ಕೂತ ಟೆಕ್ನಿಕಲ್ ಪ್ಯಾನೆಲ್. ಕೊರತೆ ಕಾಲು ಸುತ್ತಿಗಿಂತ ಜಾಸ್ತಿಯಾದರೆ ಮೂಲ ಅಂಕದ ಶೇ 80 ಮಾತ್ರ. ಅರ್ಧ ಸುತ್ತೇ ಕಡಿಮೆಯಾದರೆ ನಾಲ್ಕು ಸುತ್ತಿನದು ಮೂರು ಸುತ್ತಿನ ಲೆಕ್ಕಕ್ಕೆ ಇಳಿಯುತ್ತದೆ.

ಮಗಳಿಗೆ ಹದಿಮೂರಾಗಿದ್ದಾಗ ಒಂದು ಸ್ಪರ್ಧೆಯಲ್ಲಿ ಡಬಲ್ ಆಕ್ಸೆಲ್ ಹೊಡೆದು ಕಾಲಮೇಲೇ ನಿಂತಳು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ. ಅಂಕದ ಹಾಳೆ ಬಂದಾಗ ಆ ಜಿಗಿತದ ಪಕ್ಕದಲ್ಲಿ ಸುತ್ತು ಕಡಿಮೆ ಎಂದು ಹೇಳುವ ಒಂದು ಪುಟ್ಟ ಕೋನದ ಗುರುತು (<), 3.30 ಇರಬೇಕಾದಲ್ಲಿ 2.64. ನಾನು ಕೋಚ್ ಹತ್ತಿರ ವಾದಕ್ಕೇ ನಿಂತೆ. ಅವರು ಫೋನಿನಲ್ಲಿ ತೆಗೆದ ವಿಡಿಯೋವನ್ನು ನಿಧಾನಕ್ಕೆ ಓಡಿಸಿ, ಬ್ಲೇಡಿನ ತುದಿ ಐಸ್ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಿದರು. ಪಾದ ಇನ್ನೂ ಅಡ್ಡಡ್ಡ ಇತ್ತು. ಉಳಿದ ಸುತ್ತನ್ನು ಅವಳು ಐಸ್ ಮೇಲೇ ಉಜ್ಜಿಕೊಂಡು ಮುಗಿಸಿದ್ದಳು. "ಅಪ್ಪಾ, ಅವರು ಹಾಕಿದ್ದು ಸರಿಯಾಗೇ ಇದೆ, ಬಿಡಿ" ಅಂದಳು.

ಅಂಕಗಳ ಇನ್ನೊಂದು ಪಾಲು ಇಡೀ ಪ್ರದರ್ಶನಕ್ಕೆ: ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ, ಮೂರಕ್ಕೂ ಹತ್ತರ ಮೇಲೆ ಅಂಕ. ದೊಡ್ಡ ಹೆಸರಿನವರಿಗೆ ಇಲ್ಲಿ ಕೈ ಸಡಿಲವಾಗುತ್ತದೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಕಾಲು ಸುತ್ತನ್ನು ವಿಡಿಯೋದಲ್ಲಿ ತೋರಿಸಬಹುದು, 8.75ಕ್ಕೂ 9.25ಕ್ಕೂ ಇರುವ ವ್ಯತ್ಯಾಸವನ್ನು ಹೇಗೆ ತೋರಿಸುವುದು?

ಹಾಗಂತ ಗರಿಷ್ಠ 6.0 ಅಂಕ ಕೊಡುತ್ತಿದ್ದ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲು ಬಂದವರಿಗೆ, ಮುಂದಿನವರಿಗೆ ಜಾಗ ಇರಲಿ ಎಂದು ಕೈ ಬಿಗಿ ಹಿಡಿಯುತ್ತಿದ್ದ ಕಾಲ ಅದು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ಸ್ಪರ್ಧೆಯ ಚಿನ್ನ ರಷ್ಯನ್ನರಿಗೆ ಹೋಯಿತು, ಫ್ರೆಂಚ್ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತು ಎಂದು ಗಲಾಟೆಯೆದ್ದು ಕೆನಡಾದ ಸಾಲೆ, ಪೆಲ್ಟಿಯೆ ಜೋಡಿಗೂ ಚಿನ್ನ ಕೊಡಬೇಕಾಯಿತು. ಈಗಿನ ಪದ್ಧತಿ ಹುಟ್ಟಿದ್ದೇ ಅದರಿಂದ. ಆಗ ಯಾರು ಎಷ್ಟು ಕೊಟ್ಟರೆಂಬುದನ್ನು ಗುಟ್ಟಾಗಿಟ್ಟದ್ದು ಮಾತ್ರ ತಪ್ಪಾಯಿತು. 2016ರಲ್ಲಿ ಅದನ್ನು ಕೈಬಿಟ್ಟರು. ಈಗ ಅಂಕದ ಹಾಳೆಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು.

ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಮೂಲೆಯ ಸಣ್ಣ ಚೌಕಗಳ ಕಡೆ ಒಂದು ಕಣ್ಣಿಡಿ. ಹಸಿರಾದರೆ ಜಿಗಿತ ಚೆನ್ನಾಗಿತ್ತು, ಕೆಂಪಾದರೆ ಅಂಕ ಕಳೆದಿದ್ದಾರೆ. ಹಳದಿಯಾಗಿದ್ದರೆ ಟೆಕ್ನಿಕಲ್ ಪ್ಯಾನೆಲ್ ಅದನ್ನು ಮತ್ತೆ ನೋಡುತ್ತಿದೆ ಎಂದರ್ಥ, ಆಗ ಪರದೆಯ ಮೇಲಿನ ಮೊತ್ತವನ್ನು ಇನ್ನೂ ನಂಬಬೇಡಿ.